ಎ ಸೈಡಿನ ಮೊದಲ ಹಾಡಿನವರು

ಹಾಡಿ ಮರೆತವರನ್ನು ಹುಡುಕಿಕೊಂಡು ಹೋಗುವ ಕೆಲಸಕ್ಕೆ ಸೇರಿದ ಮೇಲೆ, ನಗುವಂಥದ್ದು ಏನಾದರೊಂದು ಆಗದೆ ನಾನು ಯಾರ ಮನೆಯಿಂದಲೂ ಹೊರಗೆ ಬಂದಿಲ್ಲ. ತೊಂದರೆ ಏನೆಂದರೆ, ಆದದ್ದನ್ನು ಹೇಳಿಕೊಂಡು ನಗೋಣವೆಂದರೆ ನನ್ನ ಕೋಣೆಯಲ್ಲಿ ಇನ್ನೊಬ್ಬರಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿಯ ಮೇಲೆ ನಮ್ಮ ರೇಡಿಯೋ ಇದೆ. ಫೋನಿನಲ್ಲಿ ಕೇಳುವ ರೇಡಿಯೋ. ಅದರಲ್ಲಿ ದುಡಿಯುವವರು ನಮ್ಮ ಸರ್ ಮತ್ತು ನಾನು, ಮುಗಿಯಿತು. ಕಾರ್ಯಕ್ರಮದ ಹೆಸರು ‘ಮೊದಲ ಹಾಡು’. ನಾನು ಹುಟ್ಟುವ ಮೊದಲು ಈ ಕಡೆ ಕ್ಯಾಸೆಟ್ಟಿನ ಒಂದು ಕಾಲ ಇತ್ತಂತೆ. ಕೀಬೋರ್ಡು, ರಿದಂ ಪ್ಯಾಡು ಇಟ್ಟುಕೊಂಡು ಊರೂರಿನ ಹುಡುಗಿಯರು ಹಾಡಿದರು. ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ, ಚಹಾ ಅಂಗಡಿಯಲ್ಲಿ ಅವರದೇ ದನಿ. ಹೆಚ್ಚಿನವರು ಒಂದು ಕ್ಯಾಸೆಟ್ ಹಾಡಿ, ಮದುವೆಯಾಗಿ, ಸುಮ್ಮನಾಗಿಬಿಟ್ಟರು. ಅವರ ಮನೆ ಹುಡುಕಬೇಕು, ಮೊದಲ ಹಾಡು ಹೇಗಾಯಿತು ಎಂದು ಕೇಳಬೇಕು, ಎರಡು ಸಾಲು ಹಾಡಿಸಿ ರೆಕಾರ್ಡ್ ಮಾಡಿಕೊಂಡು ಬರಬೇಕು. ಅದು ನನ್ನ ಕೆಲಸ.

ಇಂಥ ಕೆಲಸಕ್ಕೆ ಬಾಯಿ ಇರುವವರು ಬೇಕು. ನಾನು ಒಂದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಮೀಡಿಯಂ ಓದಿದವಳು. ಕನ್ನಡದ ವಾಕ್ಯವನ್ನು ತಲೆಯಲ್ಲಿ ಜೋಡಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಎದುರಿನವರು ಬಸ್ ಹತ್ತಿ ಹೋಗಿರುತ್ತಾರೆ. ಮನೆಯ ಮಾಲಕಮ್ಮ ನನ್ನನ್ನು ಇವತ್ತಿಗೂ ‘ಮ್ಯಾಲಿನ ರೂಮು’ ಎಂದೇ ಕರೆಯುತ್ತಾರೆ. “ಮ್ಯಾಲಿನ ರೂಮು ಬಂತೇನು? ಗೇಟ್ ಹಾಕು.”

ಹೋದ ತಿಂಗಳು ಸರ್ ನನ್ನನ್ನು ಕೂರಿಸಿಕೊಂಡು ಹೇಳಿದರು: “ನೋಡವಾ, ಕೇಳೋರು ಕಡಿಮಿ ಆಗ್ಯಾರ. ಮಸ್ಕಿ ಬೀಗರ ಹಾಡು ಹಾಡ್ಯಾಳಲ್ಲ, ಆಕಿನ್ನ ಹುಡುಕಿ ಮಾತಾಡ್ಸಿದಿ ಅಂದ್ರ ಈ ಕಾರ್ಯಕ್ರಮ ಇನ್ನೊಂದು ವರ್ಷ ನಡಸೂಣು. ಇಲ್ಲಂದ್ರ ದೀಪಾವಳಿಗೆ ಬಂದ್.”

ಬಂದ್ ಎಂದರೆ ಅವರಿಗೆ ಒಂದು ಕಾರ್ಯಕ್ರಮ ಕಡಿಮೆ, ಅಷ್ಟೆ. ನನಗೆ ಹಾಗಲ್ಲ. ಈ ಊರುಗಳಲ್ಲಿ ನನ್ನನ್ನು ಕೂರಿಸಿಕೊಂಡು ಮಾತಾಡುವವರು ಈ ಹಾಡುಗಾರ್ತಿಯರು ಮಾತ್ರ. ಅವರ ಮನೆಗಳಿಗೆ ಹೋಗುವುದು ನಿಂತರೆ ದಿನಕ್ಕೆ ನಾನು ಆಡುವ ಮಾತು “ಅರ್ಧ ಲೀಟರ್ ಹಾಲು” ಎಂಬುದೊಂದೇ.

ಗ್ಲಾಸ್ ಏರಿಸಿದ ಕಾರು

ಜವಳಗೇರಾದ ಒಬ್ಬ ಅಕ್ಕ ಕಂಡಕ್ಟರನ ಮೇಲೆ ಒಂದು ಹಾಡು ಹಾಡಿದ್ದರು. ‘ಟಿಕೀಟು ಒಂದ ಕೊಟ್ಟಿ, ಎರಡು ಸಲ ಯಾಕ ನೋಡಿದಿ’ ಅಂತ ಶುರುವಾಗುವ ಹಾಡು. ನಾನು ಅವರ ಮನೆ ಮುಂದೆ ನಿಂತು, ಎಮ್ಮೆಯ ಮುಖ ನೋಡುತ್ತ, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ. ಅಕ್ಕನೇ ಹೊರಗೆ ಬಂದರು.

“ಯಾರು ಬೇಕಾಗಿತ್ತವಾ?”

“ನಮಸ್ಕಾರ. ತಾವು ತಮ್ಮ ಪ್ರಥಮ ಗೀತೆಯನ್ನು...”

ಅಷ್ಟಕ್ಕೇ ಅವರು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. “ಸಣ್ಣಗ ಮಾತಾಡು ಬೇ! ಮಾವ ಕಟ್ಟಿ ಮ್ಯಾಲ ಕುಂತಾರ.”

ವಿಷಯ ಏನೆಂದರೆ, ಮದುವೆ ಮಾಡುವಾಗ ತವರಿನವರು ಹುಡುಗಿ ಕ್ಯಾಸೆಟ್ ಹಾಡಿದ್ದನ್ನು ಬಾಯಿ ಬಿಟ್ಟಿರಲಿಲ್ಲ. ಗಂಡನ ಮನೆಗೆ ಬಂದ ದಿನ ಪದ್ಧತಿಯಂತೆ ಹೆಸರು ಬದಲಾಯಿಸಿದರು. ಕ್ಯಾಸೆಟ್ಟಿನ ಮೇಲಿದ್ದ ಹೆಸರಿಗೂ ಸೊಸೆಗೂ ಸಂಬಂಧವೇ ಇಲ್ಲದಂತಾಯಿತು. ತಮಾಷೆ ಏನೆಂದರೆ ಆ ವರ್ಷ ಮಾವ ಹೊಸ ಟ್ರ್ಯಾಕ್ಟರ್ ತಂದು, ಅದರಲ್ಲಿ ಮೊದಲು ಹಾಕಿದ್ದು ಅದೇ ಕ್ಯಾಸೆಟ್. ಭತ್ತದ ಗದ್ದೆ ಹೊಡೆಯುವಾಗೆಲ್ಲ ಅದೇ ಹಾಡು. ಸೊಸೆ ಬುತ್ತಿ ಹೊತ್ತುಕೊಂಡು ಹೋದರೆ ಬದುವಿನ ಮೇಲೆ ತನ್ನ ದನಿಯೇ ಎದುರಿಗೆ ಬರುತ್ತಿತ್ತಂತೆ. ಟ್ರ್ಯಾಕ್ಟರ್ ಹಳೆಯದಾಗಿ, ಕ್ಯಾಸೆಟ್ಟಿನ ಟೇಪು ಹರಿದು ಹೋಗುವವರೆಗೂ ಈಕೆ ಗಂಡನ ಮನೆಯಲ್ಲಿ ಒಂದು ಸಾಲೂ ಗುನುಗಿಲ್ಲ. ಗುನುಗಿದರೆ ದನಿ ಸಿಕ್ಕಿಬೀಳುತ್ತದಲ್ಲ.

ಈಗ ಎಲ್ಲಿ ರೆಕಾರ್ಡ್ ಮಾಡುವುದು? ಅಡಿಗೆ ಮನೆಯಲ್ಲಿ ಕುಕ್ಕರು. ಮಾಳಿಗೆ ಮೇಲೆ ಭತ್ತದ ಚೀಲ ಎಣಿಸುವ ಆಳುಗಳು. ಕೊನೆಗೆ ಅಂಗಳದಲ್ಲಿ ನಿಂತಿದ್ದ ಮಗನ ಕಾರಿನೊಳಗೆ ಕೂತು, ನಾಲ್ಕೂ ಗ್ಲಾಸ್ ಏರಿಸಿದೆವು. ಒಳಗೆ ಒಲೆಯಂಥ ಕಾವು. ಅಕ್ಕ ಮೊದಲು ಪಿಸುದನಿಯಲ್ಲಿ ಶುರು ಮಾಡಿದರು. ಎರಡನೇ ಸಾಲಿಗೆ ಕಣ್ಣು ಮುಚ್ಚಿದರು. ಮೂರನೇ ಸಾಲಿಗೆ ಅವರಿಗೆ ಮಾವನೂ ನೆನಪಿರಲಿಲ್ಲ, ಜವಳಗೇರಾವೂ ನೆನಪಿರಲಿಲ್ಲ.

ಟಕ್ ಟಕ್ ಟಕ್. ಗ್ಲಾಸಿನ ಮೇಲೆ ಕೋಲು.

ಅಕ್ಕ ಹಾಡು ನಿಲ್ಲಿಸಿದರು. ನಾನು ಗ್ಲಾಸ್ ಇಳಿಸಿದೆ. ಮಾವ ಬಗ್ಗಿ ಒಳಗೆ ನೋಡಿದರು.

“ಯಾಕ ಬಂದ್ ಮಾಡಿದ್ರಿ? ಹಚ್ರಿ ಹಚ್ರಿ! ಆ ಹುಡುಗಿ ದನಿ ಕೇಳಿ ಎಷ್ಟು ವರ್ಷ ಆಗಿತ್ತು!”

“ಮಾವಾ... ಬ್ಯಾಟ್ರಿ ಹೋಗೇತ್ರಿ,” ಎಂದರು ಅಕ್ಕ, ಸೆರಗು ಎಳೆದುಕೊಳ್ಳುತ್ತ.

ಮುದುಕರಿಗೆ ಬಹಳ ಬೇಜಾರಾಯಿತು. ಹೋಗುತ್ತ ಹೋಗುತ್ತ ತಿರುಗಿ ನಿಂತು ನನಗೆ ಹೇಳಿದರು: “ನಮ್ಮ ಸೊಸಿಗೂ ಇಂಥಾವು ಜರ ಕೇಳಾಕ ಕಲಸವಾ. ಬರೇ ಟಿ.ವಿ. ನೋಡ್ತಾಳ. ಇಷ್ಟು ವರ್ಷ ಆತು, ಹಾಡು ಅಂದ್ರ ಏನಂತ ಈಕಿಗೆ ಗೊತ್ತಿಲ್ಲ.”

ಕವರಿನ ಮೇಲಿನ ಮುಖ

ಲಿಂಗಸುಗೂರಿನಲ್ಲಿ ನನಗೆ ಕ್ಯಾಸೆಟ್ಟಿನ ಕವರ್ ಒಂದೇ ದಾರಿ ತೋರಿಸುತ್ತಿತ್ತು. ಅದರ ಮೇಲೆ ಜಡೆ ಮುಂದೆ ಹಾಕಿಕೊಂಡು, ಮೈಕಿನ ಪಕ್ಕ ನಗುತ್ತಿದ್ದ ಹುಡುಗಿಯ ಫೋಟೋ. ಬಸ್‌ಸ್ಟ್ಯಾಂಡಿನಲ್ಲಿ ತೋರಿಸಿದ ಕೂಡಲೇ “ಓ, ಸಂಗೀತ ಟೀಚರು!” ಅಂದರು. ಹೋದೆ. ಮುಖ ಅದೇ, ಕೂದಲು ಮಾತ್ರ ಬೆಳ್ಳಗಾಗಿತ್ತು. ಸುತ್ತ ಹಾರ್ಮೋನಿಯಂ ಮುಂದೆ ಮಕ್ಕಳು.

ನಾನು ಅಭ್ಯಾಸ ಮಾಡಿದ್ದ ಪ್ರಶ್ನೆ ಕೇಳಿದೆ: “ನಿಮ್ಮ ಮೊದಲ ಹಾಡು ಹಾಡುವಾಗ ಹೆದರಿಕೆ ಆಗಿತ್ತಾ?”

“ಯಾವ ಹಾಡವಾ? ನಾ ಹಾಡೇ ಇಲ್ಲ.”

“ಕವರ್ ಮೇಲೆ ನೀವೇ ಇದ್ದೀರಲ್ಲ?”

“ನಾ ಅದೀನಿ. ಹಾಡಿದಾಕಿ ಬ್ಯಾರೆ ಅದಾಳ.”

ಆಗಿನ ಕಾಲದಲ್ಲಿ ಹುಡುಗಿ ಹಾಡಿದರೂ ಅವಳ ಫೋಟೋ ಅಂಗಡಿಯಲ್ಲಿ ತೂಗುಹಾಕುವುದಕ್ಕೆ ಮನೆಯವರು ಒಪ್ಪುತ್ತಿರಲಿಲ್ಲ. ಫೋಟೋ ಇಲ್ಲದ ಕ್ಯಾಸೆಟ್ ಓಡುವುದಿಲ್ಲ. ಅದಕ್ಕೆ ಫೋಟೋ ಸ್ಟುಡಿಯೋದವನು ತನ್ನ ಹೊಸ ಹೆಂಡತಿಯನ್ನೇ ಮೈಕಿನ ಪಕ್ಕ ನಿಲ್ಲಿಸಿ ತೆಗೆದುಬಿಟ್ಟ. “ನಗು ಅಂದ್ರು, ನಕ್ಕೆ. ನನ್ನ ಪಾಲಿಗೆ ಅಷ್ಟ ಕೆಲಸ,” ಅಂದರು ಟೀಚರು.

ಕ್ಯಾಸೆಟ್ ಓಡಿತು. ಓಡಿದ್ದೇ ತಡ, ಇವರಿಗೆ ಬಾಳು ಕಷ್ಟವಾಯಿತು. ಕಾಯಿಪಲ್ಲೆ ತರಲು ಹೋದರೆ “ಒಂದು ಹಾಡು ಹೇಳ್ರಿ.” ಬಸುರಿಯರ ಕುಬಸಕ್ಕೆ ಹೋದರೆ “ಹಾಡಿದ್ರ ಊಟ.” ನಾನಲ್ಲ ಎಂದರೆ “ಏನು ಸೊಕ್ಕು ನೋಡ ಆಕೀಗೆ” ಅನ್ನುವವರು. ಖರೆ ಹಾಡಿದವಳು ಯಾರು ಅಂತ ಹೇಳೋಣವೆಂದರೆ, ಆ ಮನೆಯವರು ಕೈ ಮುಗಿದು ಬೇಡಿಕೊಂಡಿದ್ದರು, ಹೇಳಬೇಡಿ ಅಂತ.

“ಕಡೀಕೆ ಪರೇಶಾನ ಆಗಿ, ಹಾರ್ಮೋನಿಯಂ ಮಾಸ್ತರ ಹತ್ರ ಹೋಗಿ ಕಲಿತೆ ನೋಡವಾ. ಸುಳ್ಳು ಹೇಳಾಕ ಬರಲಿಲ್ಲ, ಹಾಡಾಕ ಬಂತು.”

“ಹಾಗಾದರೆ ನಿಜವಾಗಿ ಹಾಡಿದವರು?”

“ಇಲ್ಲೇ ಅದಾಳ, ಹಿಂದಿನ ಓಣಿಯಾಗ. ಆಕಿ ಮೊಮ್ಮಗಳು ಇದೇ ನೋಡು, ಹಸಿರು ಲಂಗದ್ದು.” ಟೀಚರು ಆ ಹುಡುಗಿಯ ಬೆನ್ನು ತಟ್ಟಿದರು. “ಮೊನ್ನೆ ಅದೇ ಹಾಡು ಹಾಡಾಕ ಹತ್ತಿತ್ತು. ‘ಯಾರು ಕಲಿಸಿದ್ರು?’ ಅಂದೆ. ‘ಅಜ್ಜಿ’ ಅಂತು. ‘ಅಜ್ಜಿಗೆ ಬರೋಬ್ಬರಿ ಬರಂಗಿಲ್ಲ, ಕವರ್ ಮ್ಯಾಲ ನಾ ಅದೀನಿ, ನಾ ಹೇಳ್ದಂಗ ಹಾಡು’ ಅಂದೆ.”

ಹ್ಞೂಂ

ಈ ರೆಕಾರ್ಡಿಂಗುಗಳಲ್ಲಿ ನನ್ನ ದನಿ ಬಹಳ ಕಡಿಮೆ. ಪ್ರಶ್ನೆ ಒಂದು, ಆಮೇಲೆ ಬರೀ ‘ಹ್ಞೂಂ... ಹ್ಞೂಂ...’ ಸಂಜೆ ಕೋಣೆಯಲ್ಲಿ ಕೂತು ಎಡಿಟ್ ಮಾಡುವಾಗ ಅದನ್ನೆಲ್ಲ ಕತ್ತರಿಸಿ ಹಾಕುತ್ತೇನೆ. ಇಡೀ ದಿನ ಬೇರೆಯವರ ನಗು ಕಿವಿಯಲ್ಲಿ ತುಂಬಿಕೊಂಡು, ಹೆಡ್‌ಫೋನ್ ತೆಗೆದರೆ ಫ್ಯಾನಿನ ಸದ್ದು. ಒಂದೊಂದು ಸಲ ತೆಗೆಯದೆ ಹಾಗೇ ಊಟ ಮಾಡುತ್ತೇನೆ.

ಒಂದು ವಾರ ಕತ್ತರಿಸಲು ಮರೆತೆ. ಕಾರ್ಯಕ್ರಮ ಬಂದ ಮರುದಿನ ಗೊರೇಬಾಳದಿಂದ ಫೋನು. ಸರ್ ಸ್ಪೀಕರಿಗೆ ಹಾಕಿದರು. ವಯಸ್ಸಾದ ದನಿ.

“ನಿನ್ನೆ ಕಾರ್ಯಕ್ರಮದಾಗ ‘ಹ್ಞೂಂ’ ಅಂದಾಕಿ ಯಾರು?”

ಸರ್ ನನ್ನ ಕಡೆ ಕೆಟ್ಟದಾಗಿ ನೋಡಿ, “ತಪ್ಪಾಗೇತ್ರಿ ಯಜಮಾನ್ರ, ಇನ್ಮ್ಯಾಲ ಹಂಗ ಆಗಂಗಿಲ್ಲ,” ಎಂದರು.

“ತಪ್ಪಲ್ರೀ! ಆಕಿಗೆ ಫೋನ್ ಕೊಡ್ರಿ.”

ಕೊಟ್ಟರು. ಅವರ ಹೆಂಡತಿ ತೀರಿಕೊಂಡು ಬಹಳ ದಿನವಾಗಿಲ್ಲವಂತೆ. ಮನೆಯಲ್ಲಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಇದ್ದಾರೆ. “ಮಂದಿ ಭಾಳ ಅದಾರವಾ. ನಾ ಮಾತಾಡಿದ್ರ ಹ್ಞೂಂ ಅನ್ನೋರು ಯಾರೂ ಇಲ್ಲ. ಎಲ್ಲಾರೂ ಫೋನ್ ನೋಡ್ತಾರ. ನಮ್ಮಾಕಿ ಹಿಂಗ ಅಂತಿದ್ಲು, ನಿನ್ನಂಗ. ನಡುನಡುವ, ಬರೋಬ್ಬರಿ ಜಾಗದಾಗ.”

ಆಮೇಲೆ ಅವರು ಕಾಲುವೆಗೆ ನೀರು ಬಿಟ್ಟದ್ದು, ಬಿಡದೇ ಇದ್ದದ್ದು, ಸಸಿ ಮಡಿ ಹಳದಿಯಾದದ್ದು, ಹಿರೇ ಮಗ ಮಾತು ಕೇಳದೇ ಇರುವುದು, ಆತನಿಗೆ ಚಿಕ್ಕಂದಿನಲ್ಲಿ ಟೈಫಾಯ್ಡ್ ಬಂದದ್ದು, ಎಲ್ಲ ಹೇಳಿದರು. ನಾನು ಹ್ಞೂಂ ಎಂದೆ. ಹೌದಾ ಅನ್ನಬೇಕೆಂದುಕೊಂಡೆ, ಬಾಯಿಗೆ ಬರಲಿಲ್ಲ, ಮತ್ತೆ ಹ್ಞೂಂ ಎಂದೆ. ಸರ್ ಚಹಾ ಕುಡಿದು ಬಂದರು. ಇನ್ನೂ ಹ್ಞೂಂ ನಡೆದಿತ್ತು.

ಕೊನೆಗೆ ಯಜಮಾನರು ಸಮಾಧಾನದ ಒಂದು ಉಸಿರು ಬಿಟ್ಟರು. “ಜೀವ ಹಗುರಾತು ನೋಡು. ನೀ ಭಾಳ ಚಲೋ ಮಾತಾಡ್ತಿ ಬೇ.”

ನಗುನಗುತ್ತ ಹಾಡಿದ ಅಳುವ ಹಾಡು

ಸಿಂಧನೂರಿನ ಹೊರಗೆ ಒಂದು ಕ್ಯಾಂಪಿನಲ್ಲಿ, ಕಾಲುವೆ ಬಂದಾಗ ಆಂಧ್ರದ ಕಡೆಯಿಂದ ಬಂದು ನೆಲೆ ನಿಂತವರ ಮನೆಯ ಅಮ್ಮ ಒಬ್ಬರಿದ್ದಾರೆ. ಅವರು ಹಾಡಿದ ಮೊದಲ ಹಾಡು ಕನ್ನಡದ್ದು. ಆಗ ಅವರಿಗೆ ಕನ್ನಡ ಬರುತ್ತಿರಲಿಲ್ಲ.

“ತೆಲುಗಿನ ಅಕ್ಷರದಲ್ಲಿ ಬರೆದು ಕೊಟ್ರಮ್ಮಾ. ಓದಿದೆ, ಹಾಡಿದೆ. ಅರ್ಥ ಯಾರು ಹೇಳ್ತಾರೆ? ಕೀಬೋರ್ಡಿನವನು ಚೆನ್ನಾಗಿ ಬಾರಿಸ್ತಿದ್ದ, ನನಗೆ ಖುಷಿ ಬಂತು, ನಗ್ತಾ ನಗ್ತಾ ಹಾಡಿಬಿಟ್ಟೆ.”

ಹಾಡಿನ ವಿಷಯ: ಹೊಳೆ ದಾಟಲು ಹೋದ ಗಂಡ ತಿರುಗಿ ಬರಲಿಲ್ಲ, ಹೆಂಡತಿ ದಂಡೆಯ ಮೇಲೆ ಕೂತು ಅಳುತ್ತಿದ್ದಾಳೆ. ಇವರು ಹಾಡಿದ ರೀತಿಗೆ ಅದು ಕುಣಿಯುವ ಹಾಡಾಗಿ ಹೋಯಿತು. ಬ್ಯಾಂಡಿನವರು ಎತ್ತಿಕೊಂಡರು. ಮೆರವಣಿಗೆ ಇದ್ದಲ್ಲೆಲ್ಲ ಅದೇ.

ಇವರ ಮದುವೆಯಲ್ಲೂ ಅದನ್ನೇ ಬಾರಿಸಿದರು, ಮದುಮಗಳದೇ ಹಾಡು ಅಂತ ಹುರುಪಿನಿಂದ ಒಬ್ಬ ಮೈಕ್ ಹಿಡಿದು ಹಾಡಿಯೂ ಹಾಡಿದ. ಎಲ್ಲರೂ ಕುಣಿಯುತ್ತಿದ್ದರೆ ಮದುಮಗನ ಮುಖ ಮಾತ್ರ ಇಳಿಯುತ್ತ ಹೋಯಿತು. ಅವರು ಕನ್ನಡ ಶಾಲೆಯಲ್ಲಿ ಓದಿದವರು, ಒಂದೊಂದು ಮಾತೂ ಅರ್ಥವಾಗುತ್ತಿತ್ತು.

“ಅಯ್ಯೋ, ನಾನು ಇವರಿಗೆ ಇಷ್ಟ ಆಗಿಲ್ಲ ಅಂದ್ಕೊಂಡೆನಮ್ಮಾ. ರಾತ್ರಿಯೆಲ್ಲ ಅತ್ತೆ. ಬೆಳಿಗ್ಗೆ ಅವರೇ ಕೇಳಿದ್ರು, ‘ನಾನು ಮುಳುಗಿ ಸತ್ತರೆ ನಿನಗೆ ಅಷ್ಟೊಂದು ಸಂತೋಷವಾ?’ ಅಂತ.”

ಅರ್ಥ ಹೇಳಿಸಿಕೊಂಡದ್ದು ಆವತ್ತೇ. ಅದಾದ ಮೇಲೆ ಕನ್ನಡ ಕಲಿತರು. ಗಂಡ ಹೆಂಡಿರು ಚೆನ್ನಾಗಿಯೇ ಇದ್ದಾರೆ. “ಆದ್ರೆ ಈಗಲೂ ಪಂಪ್‌ಸೆಟ್ ನೋಡೋಕೆ ಕಾಲುವೆಗೆ ಇಳಿಯೋವಾಗ, ದಂಡೆ ಮೇಲೆ ನಿಂತಿರೋ ನನ್ನ ಕಡೆ ತಿರುಗಿ ನೋಡ್ತಾರೆ. ‘ಬಾಯಿ ಮುಚ್ಕೊಂಡು ನಿಂತ್ಕೋ’ ಅಂತಾರೆ.”

ಮಸ್ಕಿಯ ಬೀಗರ ಹಾಡು

ಇನ್ನು ಸರ್ ಹೇಳಿದ ಹಾಡು. ಈ ಕಡೆ ಮದುವೆಯಲ್ಲಿ ಬೀಗರನ್ನು ಕಾಡಿಸಲು ಹೆಂಗಸರು ಈ ಹಾಡನ್ನು ಹೇಳದೆ ಬಿಡುವುದಿಲ್ಲ:

ಬೀಗರು ಬಂದರು ಬಿಸಿಲಾಗ
ಕುಂತರು ಹುಗ್ಗೀಯ ಹಂಡೇದಾಗ
ಬೀಗರ ಮೀಸೀ ತುಪ್ಪದಾಗ
ಬೀಗತಿ ಕಣ್ಣು ಯಾರ ಮ್ಯಾಗ?

ಇಲ್ಲಿ ಹಾಡು ನಿಲ್ಲುತ್ತದೆ. ಹಾಡುವ ಹೆಂಗಸರೆಲ್ಲ ಒಟ್ಟಿಗೆ ಒಂದು ಸಲ ಕೆಮ್ಮುತ್ತಾರೆ. ಆಮೇಲೆ ‘ನಮ್ಮ ಕಾಕಾನ ಮ್ಯಾಗ!’ ಎಂದು ಬೀಳುವ ನಗೆಗೆ ಬೀಗತಿ ತಟ್ಟೆ ಬಿಟ್ಟು ಏಳಬೇಕು. ಯಾಕೆ ಕೆಮ್ಮುತ್ತೀರಿ ಎಂದು ನಾನು ಕೆಲವರನ್ನು ಕೇಳಿದ್ದೆ. “ಅದು ಹಾಡಿನ್ಯಾಗ ಐತಲ್ಲ,” ಎಂದಿದ್ದರು. ಕ್ಯಾಸೆಟ್ಟಿನಲ್ಲೂ ಇದೆ ಎಂದು ಕೇಳಿದ ಮೇಲೆ ಗೊತ್ತಾಯಿತು. ಒಂದು ಹುಡುಗಿಯ ದನಿ, ಅದರ ಹಿಂದೆ ದೂರದಲ್ಲಿ ಗಟ್ಟಿಯಾದ ಒಂದು ಕೆಮ್ಮು.

ಹಾಡಿದವರ ಮನೆ ಮಸ್ಕಿಯಲ್ಲಿ ಗುಡ್ಡದ ಬುಡಕ್ಕೆ ಇತ್ತು. ಮೊದಲ ಸಲ ಹೋದಾಗ ಬಾಗಿಲಲ್ಲೇ ನಿಲ್ಲಿಸಿದರು.

“ಹಾಡು ಕೇಳಾಕ ಬಂದೀಯೋ, ಕೆಮ್ಮು ಕೇಳಾಕ ಬಂದೀಯೋ?”

ನಾನು ಉತ್ತರ ಜೋಡಿಸಿಕೊಳ್ಳುತ್ತಿದ್ದೆ.

“ಎಲ್ಲಾರೂ ಕೆಮ್ಮು ಕೇಳಾಕ ಬರ್ತಾರ. ಕೆಮ್ಮಿದಾಕಿ ಹೋಗ್ಯಾಳ. ನೀನೂ ಹೋಗು.” ಬಾಗಿಲು ಹಾಕಿಕೊಂಡರು.

ಸರ್‌ಗೆ ಹೇಳಿದೆ. “ಮತ್ತ ಹೋಗು. ದೀಪಾವಳಿ ಬಂತು,” ಎಂದರು.

ಮತ್ತೆ ಹೋದೆ. ಅವತ್ತು ಅವರು ಅಂಗಳದಲ್ಲಿ ಒಣಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದರು. ಹೋಗು ಅನ್ನಲಿಲ್ಲ, ಬಾ ಅನ್ನಲೂ ಇಲ್ಲ. ಬ್ಯಾಗು ಪಕ್ಕಕ್ಕಿಟ್ಟು ಕೂತು, ನಾನೂ ತೊಟ್ಟು ಮುರಿಯತೊಡಗಿದೆ. ಸುಮ್ಮನೆ ಕೂರುವುದು ನನಗೆ ಚೆನ್ನಾಗಿ ಬರುತ್ತದೆ. ಸ್ವಲ್ಪ ಹೊತ್ತಿಗೆ ಮೆಣಸಿನ ಘಾಟು ಮೂಗಿಗೆ ಏರಿತು. ಬೇರೆಯವರ ಮನೆಯಲ್ಲಿ ಕೆಮ್ಮುವುದು ಹೇಗೆ ಎಂದು ತಡೆದೆ. ತುಟಿ ಬಿಗಿದೆ. ಕಣ್ಣಲ್ಲಿ ನೀರು ಬಂತು. ಕೊನೆಗೆ ಬಾಯಿ ಮುಚ್ಚಿದ್ದ ಹಾಗೆಯೇ ಗಂಟಲೊಳಗಿಂದ ಒಂದೇ ಒಂದು ಕೆಮ್ಮು ಹೊರಗೆ ಬಿತ್ತು. ಗಟ್ಟಿಯಾಗಿ.

ಆ ಅಕ್ಕ ಮೆಣಸಿನಕಾಯಿ ಕೆಳಗೆ ಹಾಕಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಎದ್ದು ನಿಂತುಬಿಟ್ಟರು.

ಆಮೇಲೆ ನನ್ನನ್ನು ನೋಡಿದರು. ಸುತ್ತ ನೋಡಿದರು. ನಿಂತಲ್ಲೇ ನಗಲು ಶುರು ಮಾಡಿದವರು, ನಗುತ್ತ ನಗುತ್ತ ಕೂತು, ಸೆರಗಿನಿಂದಲೇ ಕಣ್ಣು ಒರೆಸಿಕೊಂಡರು.

“ನಮ್ಮ ಅತ್ತಿದ ಕೆಮ್ಮು ಎಲ್ಲಿಂದ ತಂದಿ ಬೇ ನೀ?”

ಆವತ್ತು ಹೇಳಿದರು. ಮದುವೆಯಾಗಿ ಬಂದ ವರ್ಷ ಯಾರೋ ಇವರ ಹಾಡು ಕೇಳಿ ಕ್ಯಾಸೆಟ್ಟಿಗೆ ಕರೆದರು. ಒಬ್ಬಳನ್ನೇ ಕಳಿಸುವುದಿಲ್ಲ, ನಾನೂ ಬರುತ್ತೇನೆ ಎಂದು ಅತ್ತೆ ಹೊರಟರು. ಆ ಅತ್ತೆ ಬೈಯುತ್ತಿರಲಿಲ್ಲ, ಕೆಮ್ಮುತ್ತಿದ್ದರು. ಸೊಸೆ ಜೋರಾಗಿ ನಕ್ಕರೆ ಒಳಗಿಂದ ಒಂದು ಕೆಮ್ಮು. ಕಿಟಕಿಯಲ್ಲಿ ನಿಂತರೆ ಒಂದು ಕೆಮ್ಮು. ಸೊಸೆ ಸೆರಗು ಹೊದ್ದು ಸುಮ್ಮನಾಗಬೇಕು. ರೆಕಾರ್ಡಿಂಗ್ ಎಂದರೆ ಒಂದು ಕೋಣೆ, ಗೋಡೆಗೆ ಹೊಡೆದ ಕಂಬಳಿ, ಒಂದೇ ಮೈಕು. ಅತ್ತೆ ಮೂಲೆಯಲ್ಲಿ ಕೂತಿದ್ದರು. ‘ಬೀಗತಿ ಕಣ್ಣು ಯಾರ ಮ್ಯಾಗ’ ಎಂಬಲ್ಲಿ, ಮುಂದಿನ ಸಾಲು ಗೊತ್ತಿದ್ದ ಅತ್ತೆ, ಸಾಕು ಎಂದು ಕೆಮ್ಮಿದರು.

“ಅವತ್ತು ನಾ ನಿಂದ್ರಲಿಲ್ಲ. ಅದೊಂದು ಸಲ. ಪೂರಾ ಹಾಡಿಬಿಟ್ಟೆ. ಕರೆಂಟ್ ಹೋಗ್ತೈತಿ ಅಂತ ಅವರೂ ಎರಡನೇ ಸಲ ಹಾಡಸಲಿಲ್ಲ. ಬಸ್ಸಿನ್ಯಾಗ ಅತ್ತಿ ಮಾತಾಡಲಿಲ್ಲ. ಮನಿ ಬಾಗಲಕ ಬಂದು ಅಂದ್ಲು, ‘ಕಾಕಾನ ಮ್ಯಾಗ ಅನ್ನೋದು ಇನ್ನೂ ಜರ ಜೋರು ಹೇಳಬೇಕಿತ್ತು ನೀ.’”

ಆಮೇಲೆ ಊರೂರಲ್ಲಿ ಹೆಂಗಸರು ಕೆಮ್ಮನ್ನೂ ಸೇರಿಸಿ ಕಲಿತರು. ಕೇಳಲು ಬಂದವರೆಲ್ಲ ಅತ್ತೆಯ ಕಾಲಿಗೇ ಬೀಳುತ್ತಿದ್ದರು. “ಹಾಡಿದಾಕಿ ನಾ, ಹೆಸರು ಆಕಿದು. ಭಾಳ ವರ್ಷ ಹೊಟ್ಟಿ ಉರಿತಿತ್ತು. ಹಿಂದಿನ ವರ್ಷ ಹೋದ್ಲು. ಮನ್ಯಾಗ ಈಗ ನಾ ಜೋರು ನಕ್ಕರೂ ಯಾರೂ ಕೆಮ್ಮಂಗಿಲ್ಲ. ಹಾಡಾಕ ಹೋದ್ರ ಆ ಜಾಗ ಬರ್ತೈತಿ... ಖಾಲಿ. ಅಲ್ಲೇ ನಿಂದಿರ್ತೈತಿ ಹಾಡು.”

ನಾನು ಹೇಳಲು ಬಹಳ ಮಾತು ಜೋಡಿಸಿಕೊಂಡೆ. ಬಾಯಿಗೆ ಬಂದದ್ದು ಇಷ್ಟು: “ನಾನು ಕೆಮ್ಮಲಾ ಅಕ್ಕಾ?”

ಸುದ್ದಿ ಓಣಿಗೆ ಹರಡಿತು. ನೋಡುತ್ತಿದ್ದಂತೆ ಅಂಗಳ ತುಂಬ ಹೆಂಗಸರು. ಮೈಕ್ ಇಟ್ಟೆ. ಅಕ್ಕ ಹಾಡಿದರು. ಕೆಮ್ಮುವ ಜಾಗ ಬಂತು. ಅಷ್ಟು ಜನರೂ ನನ್ನನ್ನು ನೋಡಿದರು. ಹೊರಗೆ ಬಂದದ್ದು ಬೆಕ್ಕಿನ ಮರಿ ಸೀನಿದಂಥ ಸದ್ದು.

“ಇದೇನಬೇ, ದವಾಖಾನಿ ಕೆಮ್ಮು!” ಅಂದಳು ಒಬ್ಬಳು.

“ಅತ್ತಿ ಕೆಮ್ಮು ಕೆಮ್ಮು ತಂಗಿ. ಸೊಸಿ ನಿನ್ನ ಮುಂದ ಸೀಟಿ ಹೊಡ್ಯಾಕತ್ಯಾಳ ಅಂತ ತಿಳಕೋ,” ಅಂದಳು ಇನ್ನೊಬ್ಬಳು.

“ಆಕಿಗೆ ಮದಿವಿನೇ ಆಗಿಲ್ಲ, ಸೊಸಿ ಎಲ್ಲಿಂದ ತರ್ತಾಳ?”

“ಮೆಣಸಿನಕಾಯಿ ಹಿಡೀರಿ ಮೂಗಿಗೆ!”

ಹಿಡಿದರು. ಅಕ್ಕ ಮತ್ತೆ ಹಾಡಿದರು, ‘ಯಾರ ಮ್ಯಾಗ’ ಅಂದರು. ನಾನು ತಡೆದು, ತುಟಿ ಬಿಗಿದು, ಸರಿಯಾಗಿ ಒಂದು ಕೆಮ್ಮು ಹಾಕಿದೆ. ಹಾಡು ನಿಂತಿತು. ನೋಡಿದರೆ ಅಕ್ಕ ಸೆರಗು ಹೊದ್ದು, ತಲೆ ತಗ್ಗಿಸಿ ನಿಂತಿದ್ದಾರೆ! ಅವರಷ್ಟೇ ಅಲ್ಲ, ಆ ಅತ್ತೆಯನ್ನು ಕಂಡಿದ್ದ ಓಣಿಯ ಹಿರಿಯ ಹೆಂಗಸರೂ ಸೆರಗು ಹೊದ್ದು ಎದ್ದು ನಿಂತಿದ್ದರು. ಕಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏನ ಮಾಡ್ಲವಾ, ಮೈಗೆ ಹತ್ತೇತಿ,” ಅಂದರು ಅಕ್ಕ.

ಇನ್ನೊಮ್ಮೆ. ಈ ಸಲ ಅವರು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡರು. ನಾನು ಕೆಮ್ಮಿದೆ. ಅವರ ಕೈ ಒಂದು ಕ್ಷಣ ಸೆರಗಿಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ‘ನಮ್ಮ ಕಾಕಾನ ಮ್ಯಾಗ!’ ಅಂದರು, ಗುಡ್ಡಕ್ಕೆ ಕೇಳುವ ಹಾಗೆ. ಅತ್ತೆ ಹೇಳಿದ್ದಕ್ಕಿಂತ ಜೋರಾಗಿಯೇ.

ಕಾರ್ಯಕ್ರಮ ಬಂದ ವಾರ ನಮ್ಮ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಸರ್ ನನ್ನನ್ನು ಕರೆದು, “ಒಂದು ವರ್ಷ ಪಕ್ಕಾ ನೋಡವಾ,” ಎಂದರು. ಹಾಡಿದವರು ಯಾರು ಎಂದು ಈ ಸಲ ಜನ ಕೇಳಿದರು ಎಂದು ಮಸ್ಕಿಯ ಅಕ್ಕನಿಗೆ ಹೇಳಲು ಫೋನ್ ಮಾಡಿದೆ. ಅವರು ನನ್ನ ಮಾತು ಮುಗಿಯಲು ಬಿಡಲಿಲ್ಲ.

“ಅದು ಇರಲಿ. ಬರೋ ಸೋಮವಾರ ನನ್ನ ಮಗಳ ಕುಬಸ ಐತಿ. ಲಿಂಗಸುಗೂರಿನಿಂದ ಬೀಗರು ಬರ್ತಾರ. ಹಾಡೋರು ಓಣಿ ತುಂಬ ಅದಾರ, ಕೆಮ್ಮೋರಿಲ್ಲ. ಚಲೋ ಸೀರಿ ಉ‌ಟ್ಕೊಂಡು ಮುಂಜಾನೆ ಜಲ್ದಿ ಬಾ. ಊಟ ಮಾಡೇ ಹೋಗೂದು.”

ಈ ಊರುಗಳಿಗೆ ಬಂದ ಮೇಲೆ ನನ್ನನ್ನು ಒಬ್ಬರು ಮನೆಗೆ ಕರೆದದ್ದು ಇದೇ ಮೊದಲು. ಖುಷಿಗಿಂತ ಹೆದರಿಕೆ ಹೆಚ್ಚಾಯಿತು. “ಅಕ್ಕಾ, ಅಷ್ಟು ಜನರಲ್ಲಿ ನನಗೆ ಯಾರ ಪರಿಚಯವೂ ಇಲ್ಲ. ನಾನು ಏನು ಮಾತಾಡಲಿ?”

“ಮಾತು ಯಾಕ ಬೇಕು ಬೇ? ನೀ ಬಂದು ಬಾಗಲದಾಗ ನಿಂತು ಒಂದು ಸಲ ಕೆಮ್ಮು. ಎಲ್ಲಾರೂ ಸೆರಗು ಹೊದ್ಕೊಂಡು ಎದ್ದು ನಿಂತು ಜಾಗ ಬಿಡ್ತಾರ.”